ಆಡಲಿಕ್ಕೋ, ಕೂಡಿಡಲಿಕ್ಕೋ?



ಮಕ್ಕಳು ಕಾರ್ಡ್ ಪ್ಯಾಕೆಟ್‌ಗಾಗಿ ಹಟ ಹಿಡಿಯುವುದು ನಮಗೆಲ್ಲ ಗೊತ್ತು. ಆಡುತ್ತಲೇ ಸಂಗ್ರಹಿಸುವ ಈ ಬಗೆಯ ಆಟಕ್ಕೆ ದಾರಿ ಮಾಡಿದ್ದು 1993ರಲ್ಲಿ ಅಮೆರಿಕದಲ್ಲಿ ಬಂದ ‘ಮ್ಯಾಜಿಕ್: ದ ಗ್ಯಾದರಿಂಗ್’. ರೂಪಿಸಿದವರು ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್. ಮೊದಲ ಮುದ್ರಣ ‘ಆಲ್ಫಾ’ದಲ್ಲಿ 295 ಕಾರ್ಡುಗಳು, ‘ಬ್ಲ್ಯಾಕ್ ಲೋಟಸ್’ನಂಥ ಅಪರೂಪದವು ತಲಾ ಸುಮಾರು 1,100 ಪ್ರತಿ ಮಾತ್ರ.

1995ರಲ್ಲಿ ಕಂಪನಿ ಕೆಲವು ಹಳೆಯ ಕಾರ್ಡುಗಳನ್ನು ಮರುಮುದ್ರಿಸಿದಾಗ ಸಂಗ್ರಾಹಕರು ಸಿಟ್ಟಾದರು. ಇಂತಿಂಥವನ್ನು ಇನ್ನು ಅಚ್ಚು ಹಾಕುವುದಿಲ್ಲವೆಂದು 1996ರಲ್ಲಿ ಪಟ್ಟಿಯೇ ಹೊರಬಂತು. ಸಂಗ್ರಾಹಕರಿಗೆ ನೆಮ್ಮದಿ, ಹೊಸದಾಗಿ ಆಡಬಂದವರಿಗೆ ಆ ಕಾರ್ಡು ಗಗನಕುಸುಮ.

2022ರಲ್ಲಿ 30ನೇ ವರ್ಷದ ನೆಪದಲ್ಲಿ ಆ ಹಳೆಯ ಕಾರ್ಡುಗಳ ಸೀಮಿತ ಆವೃತ್ತಿ ಬಂತು. 60 ಕಾರ್ಡಿಗೆ 999 ಡಾಲರ್! ಒಳಗೆ ಯಾವುದಿದೆಯೋ ತೆರೆದ ಮೇಲೇ ತಿಳಿಯಬೇಕು. ಬೆನ್ನಿನ ಚಿತ್ರ ಬೇರೆ, ಅಧಿಕೃತ ಪಂದ್ಯದಲ್ಲಿ ಆಡುವಂತಿಲ್ಲ.

ನಮ್ಮ ಸಾಫ್ಟ್‌ವೇರ್‌ನಂತೆ ಇದನ್ನೂ ಎಷ್ಟು ಪ್ರತಿ ಬೇಕಾದರೂ ಮಾಡಬಹುದು. ಬೆಲೆ ಇರುವುದು ಕಾಗದಕ್ಕಲ್ಲ, ‘ಇನ್ನು ಮಾಡೆವು’ ಎಂಬ ಮಾತಿಗೆ. ಆದ್ದರಿಂದ ಪ್ಯಾಕೆಟ್ ಕೊಡಿಸುವ ಮುನ್ನ ಮಕ್ಕಳನ್ನು ಕೇಳೋಣ: ಆಡಲಿಕ್ಕೋ, ಬರೀ ಕೂಡಿಡಲಿಕ್ಕೋ? ಆಡಲಿಕ್ಕಾದರೆ ಸಾಧಾರಣ ಕಾರ್ಡೇ ಸಾಕು.