ಇನ್ವರ್ಟರೂ ಬ್ಯಾಟರಿಯೂ ಮಾತು ಬಿಟ್ಟಾಗ
(ಅಣ್ಣಾ ನಗರದ ನಮ್ಮ ವಾಚನಾಲಯದಲ್ಲಿ ಮಾಡಿದ ಭಾಷಣ)



ಮನೆಯ ಮಾಳಿಗೆಯ ಮೇಲೆ ಸೌರ ಫಲಕಗಳನ್ನು ಹಾಕಿಸಿಕೊಂಡವರು ನಮ್ಮ ಸದಸ್ಯರಲ್ಲಿ ಹೆಚ್ಚುತ್ತಿದ್ದಾರೆ. ಅದು ಕೆಟ್ಟಾಗ ಏನು ಮಾಡಬೇಕೆಂಬುದನ್ನು ತಿಳಿಸಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ಕೆಡುವ ಬಗೆ ನೂರೆಂಟು. ಅವೆಲ್ಲವನ್ನೂ ಒಂದು ಸಂಜೆಯಲ್ಲಿ ಹೇಳಿ ಮುಗಿಸುವಂತಿಲ್ಲ. ಆದಕಾರಣ ಒಂದೇ ತೊಂದರೆಯನ್ನು ಆರಿಸಿಕೊಂಡಿದ್ದೇನೆ. ಇನ್ವರ್ಟರು ಚೆನ್ನಾಗಿದೆ, ಬ್ಯಾಟರಿಯೂ ಚೆನ್ನಾಗಿದೆ, ಆದರೆ ಒಂದರ ಮಾತು ಇನ್ನೊಂದಕ್ಕೆ ಮುಟ್ಟುವುದಿಲ್ಲ. ಮನೆ ಮಾತ್ರ ಕತ್ತಲೆ. ನಮ್ಮ ಈ ಬಡಾವಣೆಯ ಟವರ್ ಪಾರ್ಕಿನಲ್ಲಿ 1968ರ ವಸ್ತುಪ್ರದರ್ಶನಕ್ಕೆಂದು ಕಟ್ಟಿದ ಗೋಪುರಕ್ಕೆ ವಿಶ್ವೇಶ್ವರಯ್ಯನವರ ಹೆಸರಿದೆಯಷ್ಟೆ. ಅದರ ನೆರೆಯಲ್ಲಿ ಯಂತ್ರದ ಮಾತನ್ನು ಕನ್ನಡದಲ್ಲಿ ಆಡಲು ಸಂಕೋಚವೇಕೆ?

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕುತ್ತೇನೆ. 2024ರಲ್ಲಿ ಆರಂಭವಾದ ಪಿ.ಎಂ. ಸೂರ್ಯ ಘರ್ ಯೋಜನೆಯ ಸಹಾಯಧನದಿಂದ ಅನೇಕರು ಫಲಕ ಹಾಕಿಸಿದ್ದಾರೆ. ಬ್ಯಾಟರಿಯಿಲ್ಲದೆ ಬೀದಿಯ ಲೈನಿಗೆ ಮಾತ್ರ ಸೇರಿಸಿದ್ದರೆ, ಕರೆಂಟು ಹೋದೊಡನೆ ಅದೂ ನಿಲ್ಲುತ್ತದೆ. ಲೈನಿನ ಮೇಲೆ ಕೆಲಸ ಮಾಡುವವನ ಪ್ರಾಣ ಉಳಿಯಲೆಂದೇ ಹೀಗೆ ಏರ್ಪಡಿಸಿದೆ, ಅದು ದೋಷವಲ್ಲ. ನಾನು ಹೇಳುವುದೆಲ್ಲ ಬ್ಯಾಟರಿಯುಳ್ಳವರಿಗೆ.

ಹಳೆಯ ಸೀಸದ ಬ್ಯಾಟರಿಯನ್ನು ನಾವೆಲ್ಲ ಬಲ್ಲೆವು. ಅದು ತುಂಬಿದಾಗ ಸುಮಾರು 12.7 ವೋಲ್ಟ್ ತೋರಿಸುತ್ತದೆ, ಬರಿದಾಗುತ್ತ ಬಂದಂತೆ ಇಳಿಯುತ್ತದೆ. ಇನ್ವರ್ಟರು ಆ ವೋಲ್ಟನ್ನು ನೋಡಿಯೇ ಅದರ ಹೊಟ್ಟೆಯ ಸ್ಥಿತಿಯನ್ನು ಊಹಿಸುತ್ತಿತ್ತು. ಈಗ ಬಂದಿರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಸ್ವಭಾವ ಬೇರೆ. ಮುಕ್ಕಾಲು ತುಂಬಿದ್ದರೂ ಕಾಲುಭಾಗ ಉಳಿದಿದ್ದರೂ ಅದರ ಒಂದೊಂದು ಸೆಲ್ಲೂ ಹೆಚ್ಚುಕಡಮೆ 3.3 ವೋಲ್ಟನ್ನೇ ತೋರಿಸುತ್ತದೆ. ಮುಖ ನೋಡಿ ಹಸಿವು ತಿಳಿಯದ ಅತಿಥಿಯಂತೆ. ಆದ್ದರಿಂದ ಬ್ಯಾಟರಿಯೊಳಗೆ ಬಿ.ಎಂ.ಎಸ್. ಎಂಬ ಒಂದು ಸಣ್ಣ ಗುಮಾಸ್ತನನ್ನು ಕೂರಿಸಿರುತ್ತಾರೆ. ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು ಎಂದು ಅವನು ಲೆಕ್ಕವಿಡುತ್ತಾನೆ. ಎಷ್ಟು ಉಳಿದಿದೆ, ಎಷ್ಟು ವೋಲ್ಟಿನವರೆಗೆ ತುಂಬಬಹುದು, ಎಷ್ಟು ಆಂಪಿಯರ್ ಕೊಡಬಹುದು, ಎಷ್ಟು ಎಳೆಯಬಹುದು ಎಂಬುದನ್ನು ಒಂದು ತೆಳ್ಳನೆಯ ತಂತಿಯ ಮೂಲಕ ಇನ್ವರ್ಟರಿಗೆ ಎಡೆಬಿಡದೆ ಹೇಳುತ್ತಿರುತ್ತಾನೆ. ಆ ತಂತಿಯೇ ಇಂದಿನ ಕಥಾವಸ್ತು.

2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ನಮ್ಮೂರಿನ ಅನೇಕ ಭಾಗಗಳಲ್ಲಿ ಕರೆಂಟು ಇರಲಿಲ್ಲ. ನನ್ನ ಪರಿಚಯದ ಒಂದು ಮನೆಯಲ್ಲಿ ವಯಸ್ಸಾದ ತಾಯಿಯೊಬ್ಬರು ಆಮ್ಲಜನಕ ಕೊಡುವ ಯಂತ್ರದ ಆಸರೆಯಲ್ಲಿದ್ದರು. ಅಂಥ ಯಂತ್ರ ಸುಮಾರು 350 ವಾಟ್ ಎಳೆಯುತ್ತದೆ. ಅವರ ಬ್ಯಾಟರಿ 51.2 ವೋಲ್ಟ್, 100 ಆಂಪಿಯರ್ ಗಂಟೆಯದು. ಅಂದರೆ 5 ಯೂನಿಟ್ಟಿಗೆ ತುಸು ಮೇಲೆ. ಬೇರೆಲ್ಲವನ್ನೂ ಆರಿಸಿದರೆ ಹನ್ನೆರಡು ಗಂಟೆ ಓಡಬೇಕಾದದ್ದು ನಡುರಾತ್ರಿಯಲ್ಲಿ ನಿಂತುಹೋಯಿತು. ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ತುಂಬಿತ್ತು! ಇನ್ವರ್ಟರಿನ ಮುಖದ ಮೇಲೆ ಒಂದು ಸಂಖ್ಯೆ ಮಿನುಗುತ್ತಿತ್ತು. ಅದರ ಅರ್ಥ ಮನೆಯವರಿಗೆ ತಿಳಿಯದು. ಮೂಲೆಯಲ್ಲಿಟ್ಟಿದ್ದ ಸಣ್ಣ ಸಿಲಿಂಡರು ಬೆಳಗಿನವರೆಗೆ ಬಂದದ್ದು ಪುಣ್ಯ. ನೀರಿನಲ್ಲಿ ಸೈಕಲ್ ತಳ್ಳಿಕೊಂಡು ಬಂದ ತಂಬಿಯೊಬ್ಬ ನೋಡಿದರೆ, ಆ ತೆಳ್ಳನೆಯ ತಂತಿಯ ತುದಿಯ ಪ್ಲಾಸ್ಟಿಕ್ ಕೊಕ್ಕೆ ಮುರಿದು ಪ್ಲಗ್ಗು ಕೂದಲೆಳೆಯಷ್ಟು ಈಚೆಗೆ ಸರಿದಿತ್ತು. ಅವನು ಒತ್ತಿದ, ದೀಪ ಬಂತು.

ಅಂದಮೇಲೆ ಮೊದಲ ಪರೀಕ್ಷೆ ಬೆರಳಿನದು. ಎರಡು ತುದಿಗಳ ಪ್ಲಗ್ಗೂ ಕಟಕ್ಕೆಂದು ಕೂತಿದೆಯೇ, ಕೊಕ್ಕೆ ಇದೆಯೇ, ಇರುವೆ ಸೇರಿದೆಯೇ, ಹಸಿರು ಕಿಲುಬು ಹಿಡಿದಿದೆಯೇ ನೋಡಿ. ನಮ್ಮ ಊರಿನ ತೇವದಲ್ಲಿ ಇದು ಅಪರೂಪವಲ್ಲ.

ಎರಡನೆಯದು ತೂತಿನ ಗೊಂದಲ. ಕನ್ನಡ ತೆಲುಗು ಲಿಪಿಗಳು ಕಣ್ಣಿಗೆ ಅಕ್ಕತಂಗಿಯರು. ಓದಲು ಕುಳಿತಾಗ ಭಾಷೆ ಬೇರೆಯೆಂದು ತಿಳಿಯುತ್ತದೆ. ಬ್ಯಾಟರಿಯ ಮೇಲೆಯೂ ಒಂದೇ ಆಕಾರದ, ಎಂಟು ಕಡ್ಡಿಯ ಮೂರು ನಾಲ್ಕು ತೂತುಗಳಿರುತ್ತವೆ. ಒಂದು ಕ್ಯಾನ್ ಭಾಷೆಯದು, ಒಂದು ಆರ್‌ಎಸ್ 485ರದು, ಒಂದು ಕಂಪ್ಯೂಟರಿನಿಂದ ಪರೀಕ್ಷಿಸುವುದಕ್ಕೆ, ಉಳಿದವು ಅಕ್ಕಪಕ್ಕದ ಬ್ಯಾಟರಿಗೆ. ಕ್ಯಾನ್ ಎಂಬುದು ಜರ್ಮನಿಯ ಬಾಷ್ ಕಂಪನಿ ಮೋಟಾರು ಗಾಡಿಗಳಿಗಾಗಿ ರೂಪಿಸಿ 1986ರಲ್ಲಿ ಹೊರತಂದದ್ದು. ಇನ್ವರ್ಟರಿನಲ್ಲಿ ಕ್ಯಾನ್ ಎಂದು ಆರಿಸಿ ತಂತಿಯನ್ನು 485ಕ್ಕೆ ಚುಚ್ಚಿದರೆ ಜನ್ಮವಿಡೀ ಕಾದರೂ ಉತ್ತರ ಬಾರದು.

ತೂತು ಸರಿಯಿದ್ದರೂ ಕಡ್ಡಿ ಬೇರೆಯಾಗಬಹುದು. ಪೈಲಾನ್‌ಟೆಕ್ ಬ್ಯಾಟರಿಯಲ್ಲಿ ಕ್ಯಾನ್ ಮಾತು 4 ಮತ್ತು 5ನೆಯ ಕಡ್ಡಿಗಳಲ್ಲಿ ಬರುತ್ತದೆ. ವಿಕ್ಟ್ರಾನ್ ಉಪಕರಣ ಅದನ್ನು 7 ಮತ್ತು 8ರಲ್ಲಿ ಕೇಳುತ್ತದೆ. ಇವೆರಡರ ನಡುವೆ ಅಂಗಡಿಯ ಸಾಧಾರಣ ಲ್ಯಾನ್ ಕೇಬಲ್ ಹಾಕಿದರೆ 4 ಹೋಗಿ 4ಕ್ಕೇ ಸೇರುತ್ತದೆ, ಅಲ್ಲಿ ಕೇಳುವವರಿಲ್ಲ. ಇಂಥ ಜೋಡಿಗೆಂದೇ ಬೇರೆ ಕೇಬಲ್ ಮಾಡಿರುತ್ತಾರೆ. ಎರಡು ಕಂಪನಿಗಳ ಪುಸ್ತಿಕೆಗಳನ್ನೂ ಪಕ್ಕಪಕ್ಕದಲ್ಲಿ ತೆರೆದು ಕಡ್ಡಿಯ ಪಟ್ಟಿಯನ್ನು ತಾಳೆ ನೋಡದೆ ಕೇಬಲ್ ಮಾಡಿಸಬೇಡಿ. ಪುಸ್ತಿಕೆಯನ್ನು ರದ್ದಿಗೆ ಹಾಕುವವರನ್ನು ಕಂಡರೆ ನನಗೆ ಅಸಾಧ್ಯ ಸಿಟ್ಟು.

ಮೂರನೆಯದು ಮೀಟರಿನ ಪರೀಕ್ಷೆ, ಬಲ್ಲವರಿಂದ ಮಾಡಿಸಿ. ಕ್ಯಾನ್ ಜೋಡಿಯ ಎರಡು ಕೊನೆಗಳಲ್ಲಿಯೂ 120 ಓಮಿನ ಒಂದೊಂದು ನಿರೋಧಕವಿರತಕ್ಕದ್ದು. ಅವು ಇಲ್ಲದಿದ್ದರೆ ಮಾತು ತುದಿಗೆ ತಾಗಿ ಪ್ರತಿಧ್ವನಿಯಾಗಿ ಕಲಸಿಹೋಗುತ್ತದೆ. ಎಲ್ಲವನ್ನೂ ಆರಿಸಿ ಎರಡು ತಂತಿಗಳ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು. 120 ಬಂದರೆ ಒಂದು ಕಡೆ ನಿರೋಧಕವಿಲ್ಲ, ಅಥವಾ ತಂತಿ ಕಡಿದಿದೆ. 40 ಬಂದರೆ ಒಂದು ಹೆಚ್ಚಾಗಿದೆ. ಸೊನ್ನೆಗೆ ಹತ್ತಿರ ಬಂದರೆ ತಂತಿಗಳು ಒಳಗೆ ಕೂಡಿಕೊಂಡಿವೆ. ಆದರೆ ಎಚ್ಚರ: 48 ವೋಲ್ಟ್ ಮೈಗೆ ಜುಮ್ಮೆನಿಸದೆ ಹೋದರೂ, ಉಂಗುರವೋ ಸ್ಪ್ಯಾನರೋ ದಪ್ಪ ತಂತಿಗಳೆರಡಕ್ಕೂ ತಗುಲಿದರೆ ಕೆಂಪಗೆ ಕಾದು ಬೆರಳನ್ನು ಸುಡುತ್ತದೆ. ಉಂಗುರ, ಗಡಿಯಾರ, ಬಳೆ ತೆಗೆದಿಟ್ಟೇ ಹತ್ತಿರ ಹೋಗತಕ್ಕದ್ದು.

ಎರಡು ಮೂರು ಬ್ಯಾಟರಿ ಜೋಡಿಸಿದವರಿಗೆ ಇನ್ನೊಂದು ಮಾತು. ಅವುಗಳಲ್ಲಿ ಒಂದೇ ಒಂದು ಯಜಮಾನ. ಇನ್ವರ್ಟರಿನ ತಂತಿ ಅದಕ್ಕೇ ಸೇರಬೇಕು. ಡಿಪ್ ಸ್ವಿಚ್ಚೆಂಬ ಪುಟ್ಟ ಗುಂಡಿಗಳಿಂದ ವಿಳಾಸ ಕೊಡುವ ಜಾತಿಯಾದರೆ ಎರಡಕ್ಕೂ ಒಂದೇ ವಿಳಾಸ ಬಿದ್ದು ಇಬ್ಬರೂ ಒಟ್ಟಿಗೆ ಮಾತಾಡತೊಡಗುತ್ತಾರೆ. ಗುಂಡಿ ಬದಲಿಸಿದ ಮೇಲೆ ಬ್ಯಾಟರಿಯನ್ನು ಪೂರಾ ಆರಿಸಿ ಮತ್ತೆ ಹೊತ್ತಿಸಿ. ಬಹುಮಟ್ಟಿಗೆ ಹೊತ್ತಿಸುವಾಗ ಮಾತ್ರ ಅದು ಗುಂಡಿಯನ್ನು ಓದುತ್ತದೆ. ಮಾತಿನ ವೇಗವೂ ಎರಡು ಕಡೆ ಒಂದೇ ಇರಬೇಕು. ನೀರಿನ ಪಂಪು ಶುರುವಾದಾಗಲೆಲ್ಲ ಮಾತು ಕಡಿಯುತ್ತಿದ್ದರೆ, ತೆಳ್ಳನೆಯ ತಂತಿಯನ್ನು ದಪ್ಪ ತಂತಿಯೊಡನೆ ಕಟ್ಟಿದ್ದಾರೆಯೇ ನೋಡಿ, ಬೇರ್ಪಡಿಸಿ.

ಇಷ್ಟಾದರೂ ಸರಿಹೋಗದೆ ರಾತ್ರಿ ಕಳೆಯಬೇಕಾದರೇನು ಗತಿ? ಹೆಚ್ಚಿನ ಇನ್ವರ್ಟರುಗಳಲ್ಲಿ ಮಾತಿಲ್ಲದೆ ವೋಲ್ಟ್ ನೋಡಿ ನಡೆಯುವ ಕ್ರಮವೂ ಉಂಟು. ಆ ಅಂಕಿಗಳನ್ನು ಹಾಕಿಸುವವನ ಕೈಯಲ್ಲಿ ಮೊದಲೇ ತುಂಬಿಸಿ, ಬರೆದು ಗೋಡೆಗೆ ಅಂಟಿಸಿ. ಸುಮ್ಮನೆ 'ಸೀಸ' ಎಂದು ಒತ್ತುವುದು ಅಪಾಯ. ಸೀಸದ ಬ್ಯಾಟರಿಗಳನ್ನು 57.6 ವೋಲ್ಟಿನವರೆಗೆ ತುಂಬುವುದುಂಟು. ನಿಮ್ಮದು 15 ಸೆಲ್ಲಿನದಾದರೆ ತಲೆಗೆ 3.84 ವೋಲ್ಟ್ ಬಿತ್ತು. ಸೆಲ್ಲು ತಡೆಯುವ ಮಿತಿ 3.65. ಬಿ.ಎಂ.ಎಸ್. ಕೊನೆಯ ಗಳಿಗೆಯಲ್ಲಿ ಕಡಿದುಹಾಕೀತು, ನಿಜ. ಆದರೆ ದಿನವೂ ಅವನ ಮೇಲೆ ಭಾರ ಹಾಕುವುದು ಸಲ್ಲದು. ಮಾತು ನಿಂತರೆ ಇನ್ವರ್ಟರೂ ನಿಲ್ಲಬೇಕೋ, ವೋಲ್ಟ್ ನೋಡಿ ಮುಂದುವರಿಯಬೇಕೋ ಎಂಬ ಆಯ್ಕೆಯೂ ಅಲ್ಲೇ ಇರುತ್ತದೆ. ರೋಗಿಗಳಿರುವ ಮನೆಯಲ್ಲಿ, ಅಂಕಿಗಳು ಸರಿಯಿದ್ದ ಪಕ್ಷದಲ್ಲಿ, ಮುಂದುವರಿಯಲೆಂದೇ ನನ್ನ ಅಭಿಪ್ರಾಯ. ಆ ತಾಯಿಯ ಮನೆಯಲ್ಲಿ ನಿಲ್ಲುವಂತೆ ಇಟ್ಟಿದ್ದರು; ಕೇಳಿದವರೂ ಇಲ್ಲ, ಹೇಳಿದವರೂ ಇಲ್ಲ.

ಭಾಷಣದ ತರುವಾಯ ಸದಸ್ಯೆಯೊಬ್ಬರು, "ಹಳೆಯ ಟ್ಯೂಬ್ಯುಲರ್ ಬ್ಯಾಟರಿ ಇನ್ನೂ ಗಟ್ಟಿಮುಟ್ಟಾಗಿದೆ, ಹೊಸ ಲಿಥಿಯಂ ಜೊತೆಗೆ ಸೇರಿಸಬಹುದೇ?" ಎಂದು ಕೇಳಿದರು. ಕೂಡದು. ಎರಡಕ್ಕೂ ತುಂಬುವ ವೋಲ್ಟ್ ಬೇರೆ. ಮೇಲಾಗಿ ಸೀಸದ್ದು ಎಳೆದ, ಕೊಟ್ಟ ಲೆಕ್ಕ ಬಿ.ಎಂ.ಎಸ್.ಗೆ ತಿಳಿಯುವುದಿಲ್ಲವಾದ್ದರಿಂದ ಅದು ಹೇಳುವ ಮಾತು ಅರ್ಧ ಸತ್ಯವಾಗುತ್ತದೆ. ಹಳೆಯದನ್ನು ಹಳೆಯ ಸಣ್ಣ ಇನ್ವರ್ಟರಿನೊಡನೆಯೇ ಬಿಟ್ಟು, ಒಂದು ಫ್ಯಾನಿಗೂ ಎರಡು ದೀಪಕ್ಕೂ ಪ್ರತ್ಯೇಕವಾಗಿ ಇಟ್ಟುಕೊಳ್ಳಬಹುದು. ಡಿಸ್ಟಿಲ್ಡ್ ವಾಟರ್ ಹಾಕುವುದನ್ನು ಮಾತ್ರ ಮರೆಯಬಾರದು.