ವ್ರತದ ಎರಡನೆಯ ದಿನ

(ಮುಂಬಯಿಯಲ್ಲಿ ಸಮಾಜ ಬಾಂಧವರ ಸಭೆಯಲ್ಲಿ ಮಾಡಿದ ಭಾಷಣ)



ನಾನು ವೃತ್ತಿಯಿಂದ ಲೆಕ್ಕಪರಿಶೋಧಕ. ಇನ್ನೊಬ್ಬರ ಲೆಕ್ಕದಲ್ಲಿ ಬಚ್ಚಿಟ್ಟದ್ದನ್ನು ಹುಡುಕುವುದು ನನ್ನ ಕಸುಬು. ಇಂದು ನನ್ನದೇ ಲೆಕ್ಕವನ್ನು ತಮ್ಮ ಮುಂದಿಡುತ್ತಿದ್ದೇನೆ. ಹನ್ನೊಂದು ವರ್ಷ ನಾನು ಮದ್ಯಪಾನ ಮಾಡಿದೆ. ಕೊನೆಯ ಮೂರು ವರ್ಷ ಪ್ರತಿದಿನವೂ ಮಾಡಿದೆ. ಅಷ್ಟಮೂಲಗುಣಗಳಲ್ಲಿ ಮದ್ಯತ್ಯಾಗವೂ ಒಂದೆಂದು ಬಾಲ್ಯದಲ್ಲಿ ಬಾಯಿಪಾಠ ಮಾಡಿದವನೇ ನಾನು. ಆದುದರಿಂದ ಕುಡಿತ ಏಕೆ ಕೆಟ್ಟದ್ದೆಂಬ ಉಪದೇಶ ನನ್ನಿಂದ ತಮಗೆ ಬೇಕಿಲ್ಲ. ಬಿಡುವಾಗ ಏನಾಗುತ್ತದೆ ಎಂಬುದನ್ನಷ್ಟೇ ಹೇಳುತ್ತೇನೆ. ಅದನ್ನು ನಮ್ಮಲ್ಲಿ ಯಾರೂ ಹೇಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ಭಾದ್ರಪದ ಚೌತಿಯ ರಾತ್ರಿ ಕೊನೆಯ ಲೋಟ ಮುಗಿಸಿದೆ. ಮರುದಿನ ಪಂಚಮಿ, ದಶಲಕ್ಷಣ ಪರ್ವದ ಮೊದಲ ದಿನ. ಜಿನಬಿಂಬದ ಮುಂದೆ ನಿಂತು, ಇನ್ನು ಮದ್ಯ ಮುಟ್ಟುವುದಿಲ್ಲವೆಂದೂ ಹತ್ತು ದಿನ ಏಕಭುಕ್ತ ಮಾಡುವೆನೆಂದೂ ಒಟ್ಟಿಗೇ ನಿಯಮ ತೆಗೆದುಕೊಂಡೆ. ಆ ರಾತ್ರಿ ನಿದ್ರೆ ಬರಲಿಲ್ಲ. ಷಷ್ಠಿಯ ಬೆಳಿಗ್ಗೆ ಕೈ ನಡುಗಿ, ಆಡಿಟ್ ವರದಿಗೆ ಸಹಿ ಹಾಕಲಾಗಲಿಲ್ಲ. ಬೆವರು, ವಾಕರಿಕೆ, ಎದೆಬಡಿತ. ಮನೆಯವರು ಉಪವಾಸದ ನಿತ್ರಾಣವೆಂದರು. ನಾನೂ ಹಾಗೆಯೇ ನಂಬಲು ಬಯಸಿದೆ. ಸಂಜೆ ಮೂರ್ಛೆರೋಗದವರಂತೆ ಸೆಳೆತ ಬಂದು ಅಡುಗೆಮನೆಯ ಬಾಗಿಲಲ್ಲಿ ಬಿದ್ದೆ.

ಆಸ್ಪತ್ರೆಯಲ್ಲಿ ವೈದ್ಯರು ಕುಡಿಯುವ ಅಭ್ಯಾಸವಿದೆಯೇ ಎಂದು ಕೇಳಿದರು. ತಂದೆಯವರು, “ನಾವು ಜೈನರು ಡಾಕ್ಟರೇ, ನಮ್ಮ ಮನೆಯಲ್ಲಿ ಅಂಥದ್ದಿಲ್ಲ” ಎಂದರು. ಅವರು ಸುಳ್ಳು ಹೇಳಲಿಲ್ಲ, ತಮಗೆ ತಿಳಿದದ್ದನ್ನು ಹೇಳಿದರು. ನಿಜ ತಿಳಿದಿದ್ದವಳು ನನ್ನ ಹೆಂಡತಿ. ಮಾವನವರ ಮಾತನ್ನು ಅವರೆದುರೇ ಅಲ್ಲಗಳೆಯಲಾರದೆ, ವೈದ್ಯರ ಹಿಂದೆ ಕಾರಿಡಾರಿನವರೆಗೂ ಹೋಗಿ, ದಿನಕ್ಕೆ ಎಷ್ಟು, ಎಷ್ಟು ವರ್ಷಗಳಿಂದ, ಕೊನೆಯದು ಯಾವಾಗ ಎಂಬುದನ್ನು ಹೇಳಿದಳು. ನನ್ನ ಚಿಕಿತ್ಸೆ ನಿಂತದ್ದು ಆ ಮೂರು ಉತ್ತರಗಳ ಮೇಲೆ.

ಮದ್ಯವು ವರ್ಷಗಟ್ಟಲೆ ಮಿದುಳನ್ನು ಮಂಕುಗೊಳಿಸುತ್ತಿದ್ದರೆ, ಮಿದುಳು ಅದಕ್ಕೆ ಪ್ರತಿಯಾಗಿ ತನ್ನ ಉದ್ರೇಕವನ್ನು ಹೆಚ್ಚಿಸಿಕೊಂಡಿರುತ್ತದೆ. ಮದ್ಯ ಥಟ್ಟನೆ ನಿಂತಾಗ ಉದ್ರೇಕವೊಂದೇ ಉಳಿಯುತ್ತದೆ. ಸುಮಾರು 6 ಗಂಟೆಗಳ ಬಳಿಕ ನಡುಕ ಆರಂಭವಾಗಬಹುದು. ಸೆಳೆತ ಬರುವುದಾದರೆ ಹೆಚ್ಚಾಗಿ ಮೊದಲ 48 ಗಂಟೆಗಳಲ್ಲಿ. ಅನಂತರದ ಒಂದೆರಡು ದಿನಗಳಲ್ಲಿ ಕೆಲವರಿಗೆ ಡೆಲಿರಿಯಂ ಟ್ರೆಮೆನ್ಸ್ ಎಂಬ ಅವಸ್ಥೆ ಬರುತ್ತದೆ: ದೇಶಕಾಲಗಳ ಪರಿವೆ ತಪ್ಪುತ್ತದೆ, ಇಲ್ಲದ್ದು ಕಾಣಿಸುತ್ತದೆ, ಜ್ವರವೇರುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಪ್ರಾಣವೇ ಹೋಗಬಹುದು. ಎಲ್ಲರಿಗೂ ಹೀಗಾಗದು. ಆದರೆ ಪ್ರತಿದಿನ ಹೆಚ್ಚು ಕುಡಿಯುವವರು, ಹಿಂದೊಮ್ಮೆ ಬಿಡುವಾಗ ಸೆಳೆತ ಬಂದವರು ಮನೆಯಲ್ಲಿ ಒಬ್ಬರೇ ಈ ಪ್ರಯೋಗ ಮಾಡಲೇಬಾರದು.

ಆಸ್ಪತ್ರೆಯಲ್ಲಿ ಡಯಾಜೆಪಾಮ್ ವರ್ಗದ ಔಷಧಿಯನ್ನು ಕೊಟ್ಟು ಕೆಲವು ದಿನಗಳಲ್ಲಿ ಕ್ರಮವಾಗಿ ಇಳಿಸಿದರು. ಜೊತೆಗೆ ಥಯಮಿನ್, ಅಂದರೆ ಬಿ1 ಜೀವಸತ್ವ. ಕುಡುಕರ ದೇಹದಲ್ಲಿ ಅದು ಮೊದಲೇ ಬರಿದಾಗಿರುತ್ತದೆ; ಉಪವಾಸವೂ ಸೇರಿದರೆ ಕೇಳುವುದೇ ಬೇಡ. ಆ ಕೊರತೆಯಿಂದ ನೆನಪಿನ ಶಕ್ತಿ ಶಾಶ್ವತವಾಗಿ ಕುಂದಬಹುದು. ಅದಕ್ಕಾಗಿಯೇ ಗ್ಲೂಕೋಸ್ ಏರಿಸುವ ಮುನ್ನ ಥಯಮಿನ್ ಕೊಡುತ್ತಾರೆ. ಆದರೆ ರೋಗಿ ಕುಡಿಯುವವನೆಂದು ವೈದ್ಯರಿಗೆ ತಿಳಿದಿರಬೇಕಲ್ಲ!

ದೇಹದ ಕಾಟ ಒಂದು ವಾರದಲ್ಲಿ ತಗ್ಗಿತು. ನಿದ್ರೆ ಸರಿಹೋಗಲು ತಿಂಗಳುಗಳೇ ಬೇಕಾದವು. ಸಂಜೆ ಏಳಕ್ಕೆ ಕಚೇರಿ ಮುಚ್ಚುವಾಗ ಬಯಕೆ ಅಲೆಯಂತೆ ಏಳುತ್ತಿತ್ತು. ಅರ್ಧ ತಾಸು ತಡೆದರೆ ಇಳಿಯುತ್ತಿತ್ತು. ಹಸಿದ ಹೊಟ್ಟೆಯಲ್ಲಿ ಅದು ಇಮ್ಮಡಿಯಾಗುವುದನ್ನು ಗಮನಿಸಿ, ಕಚೇರಿಗೇ ಬುತ್ತಿ ತರಿಸಿ ಸೂರ್ಯಾಸ್ತಕ್ಕೆ ಮುನ್ನವೇ ಉಣ್ಣತೊಡಗಿದೆ. ಅಜ್ಜಿ ಹೇಳಿದಾಗ ಪಾಲಿಸದಿದ್ದ ಪದ್ಧತಿ ಹೀಗೆ ಮರಳಿ ಬಂತು.

ಖರ್ಚಿನ ಮಾತನ್ನೂ ಆಡಬೇಕು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಮದ್ಯದ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮನೋರೋಗದ ವ್ಯಾಖ್ಯೆಯಲ್ಲಿ ಸೇರಿಸಿದೆ. ಮನೋರೋಗಕ್ಕೂ ದೈಹಿಕ ರೋಗದಂತೆಯೇ ವಿಮೆ ನೀಡಬೇಕೆಂದಿದೆ. ಹಾಗಿದ್ದರೂ ವಿಮಾ ನಿಯಂತ್ರಕರು 2019ರಲ್ಲಿ ಗೊತ್ತುಪಡಿಸಿದ ವಿನಾಯಿತಿಗಳಲ್ಲಿ ಮದ್ಯವ್ಯಸನದ ಚಿಕಿತ್ಸೆಯೂ ಸೇರಿತು. ಅತ್ತ ಮದ್ಯವನ್ನು ಜಿಎಸ್‌ಟಿಯ ಹೊರಗಿಟ್ಟು, ಅದರ ತೆರಿಗೆಯನ್ನು ರಾಜ್ಯ ಸರ್ಕಾರಗಳು ಭದ್ರವಾಗಿ ಹಿಡಿದುಕೊಂಡಿವೆ. ಆದಾಯದ ಪುಟದಲ್ಲಿ ಕುಡುಕನಿಗೆ ಸ್ಥಾನವಿದೆ, ವೆಚ್ಚದ ಪುಟದಲ್ಲಿಲ್ಲ. ತಮ್ಮ ಪಾಲಿಸಿಯ ಷರತ್ತುಗಳನ್ನು ಇಂದೇ ಓದಿರಿ.

ದಶಲಕ್ಷಣ ಪರ್ವ ಮತ್ತೆ ಬರುತ್ತಿದೆ. ಮದ್ಯತ್ಯಾಗದ ನಿಯಮ ತೆಗೆದುಕೊಳ್ಳುವವರು ಅದಕ್ಕೂ ಎರಡು ವಾರ ಮೊದಲೇ ವೈದ್ಯರನ್ನು ಕಾಣಲಿ. ಆ ವರ್ಷ ಉಪವಾಸ ಬೇಡ. ನಿಯಮ ಕೊಡುವ ಹಿರಿಯರೂ ಈ ಪ್ರಶ್ನೆಯನ್ನು ಏಕಾಂತದಲ್ಲಿ ಕೇಳಲಿ. ಪುಣೆಯಲ್ಲಿ ಮುಕ್ತಾಂಗಣ, ಚೆನ್ನೈಯಲ್ಲಿ ಟಿಟಿಕೆ ಆಸ್ಪತ್ರೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇವೆ. 14446 ಎಂಬುದು ವ್ಯಸನಮುಕ್ತಿಯ ರಾಷ್ಟ್ರೀಯ ಉಚಿತ ಸಹಾಯವಾಣಿ.

ಈ ಭಾಷಣಕ್ಕೆ ಮುನ್ನ ತಂದೆಯವರ ಅನುಮತಿ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ಡಾಕ್ಟರಿಗೆ ನಾನು ಹೇಳಿದ್ದನ್ನೂ ಹೇಳು” ಎಂದರು. ಅವರು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಊಟದ ಬಳಿಕ ನಾನು ಮೇಲಿನ ಕೋಣೆಯಲ್ಲಿರುತ್ತೇನೆ. ಮಾತನಾಡಬೇಕೆನ್ನುವವರು ಒಬ್ಬೊಬ್ಬರಾಗಿ ಬರಬಹುದು.