ಎರಡು ನಿಮಿಷದ ಕೆಲಸಕ್ಕೆ ಎಷ್ಟು?

ರವಿಕೆ ಹೊಲಿಯಲು ಕೊಟ್ಟಾಗ ದರ್ಜಿ ಹೊಲಿಗೆಗೆ ಒಂದು ಕೂಲಿ ಹೇಳುತ್ತಾನೆ. ಲೈನಿಂಗ್ ಬೇಕೆಂದರೆ ಅದಕ್ಕೆ ಬೇರೆ ಎನ್ನುತ್ತಾನೆ. ನಾವು ಚೌಕಾಸಿ ಮಾಡುತ್ತೇವೆಯೇ ಹೊರತು ಅನ್ಯಾಯ ಎಂದು ಕೂಗಾಡುವುದಿಲ್ಲ. ಆದರೆ ಊರಿಗೆ ಹೋಗುವಾಗ ನಾಯಿಯನ್ನೋ ಬೆಕ್ಕನ್ನೋ ನೋಡಿಕೊಳ್ಳಲು ಗೊತ್ತುಮಾಡಿದವರು ‘ಔಷಧಿ ಕೊಡುವುದಕ್ಕೆ ಬೇರೆ ಹಣ’ ಎಂದರೆ ಮುಖ ಗಂಟಾಗುತ್ತದೆ. ಪೆಟ್ ಸಿಟರ್ ಎಂಬ ಈ ಕಸಬಿಗೆ ಬೆಂಗಳೂರಿನಂಥ ಊರುಗಳಲ್ಲಿ ದಸರಾ, ದೀಪಾವಳಿ ರಜೆ ಬಂತೆಂದರೆ ಕೈತುಂಬ ಕೆಲಸ. ಊಟ ಹಾಕುವುದು, ನೀರಿಡುವುದು, ಸುತ್ತಾಡಿಸುವುದು, ಗಲೀಜು ತೆಗೆಯುವುದು, ಇವಕ್ಕೆ ದಿನಕ್ಕಿಷ್ಟು ಎಂಬ ಮಾತು ಆಗಿರುತ್ತದೆ. ತಕರಾರು ಹುಟ್ಟುವುದು ಅದರಾಚೆಗಿನ ಕೆಲಸಗಳಲ್ಲಿ. ‘ಎರಡು ನಿಮಿಷದ ಕೆಲಸ, ಅದಕ್ಕೂ ದುಡ್ಡೇ?’ ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೂ ದುಡ್ಡು ಕೇಳಬೇಕು ಎಂಬುದೇ ನನ್ನ ವಾದ. ಆದರೆ ಎಲ್ಲದಕ್ಕೂ ಅಲ್ಲ, ಕೆಲಸ ಮುಗಿದ ಮೇಲಂತೂ ಅಲ್ಲ.

ಸಕ್ಕರೆ ಕಾಯಿಲೆಯ ನಾಯಿಯನ್ನೇ ನೋಡಿ. ಅದಕ್ಕೆ ಸಾಮಾನ್ಯವಾಗಿ ದಿನಕ್ಕೆ ಎರಡು ಸಲ, 12 ಗಂಟೆಯ ಅಂತರದಲ್ಲಿ, ಊಟದ ಹೊತ್ತಿಗೆ ಇನ್ಸುಲಿನ್ ಚುಚ್ಚಬೇಕು. ಫ್ರಿಜ್ಜಿನಿಂದ ಸೀಸೆ ತೆಗೆದು, ಹಾಲಿನಂತೆ ಮಸುಕಾದ ಬಗೆಯದಾದರೆ ಅಂಗೈಗಳ ನಡುವೆ ಮೆಲ್ಲನೆ ಹೊರಳಿಸಿ, ಸಿರಿಂಜಿಗೆ ಎಳೆದು, ಚರ್ಮವನ್ನು ಚಿವುಟಿ ಹಿಡಿದು ಚುಚ್ಚಿದರೆ ಆಯಿತು. ನಿಜ, ಎರಡೇ ನಿಮಿಷ. ಆದರೆ ನಮ್ಮ ಔಷಧಿ ಅಂಗಡಿಗಳಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್ನೂ ಸಿಗುತ್ತದೆ, 100 ಯೂನಿಟ್ಟಿನದೂ ಸಿಗುತ್ತದೆ; ಎರಡಕ್ಕೂ ಸಿರಿಂಜು ಬೇರೆ ಬೇರೆ. 100ರ ಔಷಧಿಯನ್ನು 40ರ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ನಾಯಿಯ ಮೈಗೆ ಹೋಗುವುದು 10 ಅಲ್ಲ, 25 ಯೂನಿಟ್. ನಾಯಿ ಅವತ್ತು ತಟ್ಟೆ ಮುಟ್ಟಿರದಿದ್ದರೆ ಎಂದಿನ ಪ್ರಮಾಣವೇ ಹೆಚ್ಚಾಗಿ, ರಕ್ತದ ಸಕ್ಕರೆ ಇಳಿದು, ತೂರಾಡಿ ಬೀಳಬಹುದು, ಪ್ರಾಣವೂ ಹೋಗಬಹುದು. ಚುಚ್ಚುವ ಮೊದಲು ತಟ್ಟೆ ನೋಡುವ, ಅನುಮಾನ ಬಂದರೆ ವೈದ್ಯರಿಗೆ ಫೋನ್ ಮಾಡುವ ಹೊಣೆ ಆ ಎರಡು ನಿಮಿಷದೊಳಗೇ ಅಡಗಿದೆ. ಇನ್ನು, ಬೆಳಗ್ಗೆ 7ಕ್ಕೂ ಸಂಜೆ 7ಕ್ಕೂ ಜಯನಗರದಲ್ಲಿ ಇರಲೇಬೇಕಾದವರು ಅದೇ ಹೊತ್ತಿಗೆ ಯಲಹಂಕದ ಇನ್ನೊಂದು ಮನೆ ಒಪ್ಪಿಕೊಳ್ಳಲಾಗದು. ಅವರು ಕೇಳುವ ಹಣ ಸೂಜಿ ಚುಚ್ಚಿದ್ದಕ್ಕಲ್ಲ, ದಿನದ ಎರಡು ತುದಿಗಳನ್ನು ಕಟ್ಟಿಹಾಕಿದ್ದಕ್ಕೆ.

ಇದೇ ಅಳತೆಗೋಲು ಹಿಡಿದರೆ ಯಾವುದಕ್ಕೆ ಹಣ ಕೇಳಬಾರದು ಎಂಬುದೂ ತಿಳಿಯುತ್ತದೆ. ಬಾಗಿಲ ಬಳಿ ಬಿದ್ದ ಪತ್ರಿಕೆ ಎತ್ತಿಡುವುದಕ್ಕೆ, ತುಳಸಿಗೆ ಒಂದು ಚೊಂಬು ನೀರು ಹಾಕುವುದಕ್ಕೆ ದರಪಟ್ಟಿ ತೋರಿಸುವುದು ಸಣ್ಣತನ. ಮಹಡಿಯ ಮೇಲೆ 40 ಕುಂಡಗಳಿದ್ದರೆ ಅದು ಬೇರೆ ಮಾತು. ಪ್ರಾಣಿಪ್ರೀತಿಗೆ ಬೆಲೆ ಕಟ್ಟಬಹುದೇ ಎಂದು ಕೇಳುವವರಿದ್ದಾರೆ. ಪ್ರೀತಿಗೆ ಯಾರೂ ಬಿಲ್ಲು ಹಾಕುತ್ತಿಲ್ಲ. ಪಟಾಕಿ ಸದ್ದಿಗೆ ಮಂಚದಡಿ ಸೇರಿ ನಡುಗುವ ನಾಯಿಯ ಪಕ್ಕ ದೀಪಾವಳಿಯ ರಾತ್ರಿ ಕೂತಿರುವವರು ತಮ್ಮ ಮನೆಯ ಹಬ್ಬ ಬಿಟ್ಟು ಬಂದಿರುತ್ತಾರೆ. ಹಬ್ಬದ ದಿನದ ಹೆಚ್ಚಿನ ದರ ಅದಕ್ಕೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಒಂದಿದೆ: ಮೊದಲೇ ಮಾತಾಡದ ಖರ್ಚು ತಟ್ಟನೆ ಬಂದರೆ? 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 3ನೇ ಸೆಕ್ಷನ್ ಪ್ರಾಣಿಯ ಹೊಣೆ ಹೊತ್ತ ಪ್ರತಿಯೊಬ್ಬರ ಮೇಲೂ ಅದರ ಕ್ಷೇಮದ ಕರ್ತವ್ಯ ಹೊರಿಸುತ್ತದೆ, ಮಾಲೀಕರ ಮೇಲೆ ಮಾತ್ರವಲ್ಲ. ಹಾಗಾಗಿ ಬೆಕ್ಕು ಏದುಸಿರು ಬಿಡುತ್ತಿರುವಾಗ ದರ ಕುದುರಿಸುತ್ತ ನಿಲ್ಲುವಂತಿಲ್ಲ. ಮೊದಲು ಆಸ್ಪತ್ರೆ, ಆಮೇಲೆ ಲೆಕ್ಕ. ಆ ಲೆಕ್ಕಕ್ಕೆ 1872ರ ಕರಾರು ಕಾಯಿದೆಯ 70ನೇ ಸೆಕ್ಷನ್ ಆಧಾರವಾಗಬಲ್ಲದು: ಬಿಟ್ಟಿಯಾಗಿ ಮಾಡುವ ಉದ್ದೇಶವಿಲ್ಲದೆ ಒಬ್ಬರು ಇನ್ನೊಬ್ಬರಿಗಾಗಿ ನ್ಯಾಯಬದ್ಧವಾಗಿ ಏನಾದರೂ ಮಾಡಿ, ಆ ಇನ್ನೊಬ್ಬರು ಅದರ ಫಲ ಉಂಡರೆ ಪರಿಹಾರ ಕೊಡಬೇಕು. ಆದರೆ ಪಶ್ಚಿಮ ಬಂಗಾಳ ಸರ್ಕಾರ ಮತ್ತು ಬಿ.ಕೆ. ಮೊಂಡಲ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದಂತೆ, ಬೇಡ ಎನ್ನುವ ಅವಕಾಶ ಫಲ ಪಡೆದವರಿಗೆ ಇದ್ದಿರಬೇಕು. ಕೇಳದೆ ನಾಯಿಗೆ ಸ್ನಾನ ಮಾಡಿಸಿ, ಉಗುರು ಕತ್ತರಿಸಿ, ‘ಇಷ್ಟಾಯಿತು’ ಎಂದು ಚೀಟಿ ಕೊಡುವವರ ಬೇಡಿಕೆ ಇಲ್ಲಿ ನಿಲ್ಲುವುದು ಕಷ್ಟ, ನಿಲ್ಲಲೂಬಾರದು. ಆಟೋ ಬಾಡಿಗೆ, ಆಸ್ಪತ್ರೆಯ ಬಿಲ್ಲು ಇದ್ದಷ್ಟೇ ಕೊಡತಕ್ಕ ಖರ್ಚು. ಅಲ್ಲಿ ಕಾದು ಕೂತ ಮೂರು ಗಂಟೆ ಮಾತ್ರ ಕೂಲಿ. ಇವೆರಡನ್ನೂ ಒಂದೇ ಮೊತ್ತದಲ್ಲಿ ಕಲಸಿ ಕೇಳಿದರೆ ಯಾರಿಗಾದರೂ ಅನುಮಾನ ಬರುತ್ತದೆ.

ಆದ್ದರಿಂದ ಈ ರಜೆಯಲ್ಲಿ ಊರಿಗೆ ಹೊರಡುವವರು ಬೀಗದ ಕೈ ಒಪ್ಪಿಸುವಾಗ ಪಶುವೈದ್ಯರ ಫೋನ್ ನಂಬರಿನ ಕೆಳಗೆ ಇನ್ನೊಂದು ಸಾಲು ಬರೆದುಕೊಡಿ: ನಮ್ಮನ್ನು ಕೇಳದೆ ಎಷ್ಟು ರೂಪಾಯಿಯವರೆಗೆ ಖರ್ಚು ಮಾಡಬಹುದು ಎಂದು.